ಚಕ್ರದ ಮನೆಯ ಜಗಲಿ

ರೋಹಿಣಿ ಮಳೆ ಮೊದಲ ಸಲ ನೆಲ ನೆನೆಯುವಷ್ಟು ಬಿದ್ದ ಗುರುವಾರ, ಇನ್ನೂ ಹೊತ್ತು ಮುಳುಗುವ ಮುಂಚೆ, ಆದಿಲಕ್ಷ್ಮಮ್ಮನ ಮನೆಯ ಅಡಿಯಿಂದ ಈಸಲು ಏಳತೊಡಗಿದವು. ಈಸಲೆಂದರೆ ರೆಕ್ಕೆ ಬಂದ ಗೆದ್ದಲು. ಹೊಸಮಳೆಗೆ ಹುತ್ತದ ಬಾಯಿಂದ ಹೊಗೆಯ ಹಾಗೆ ಮೇಲೇಳುತ್ತವೆ. ಗಳಿಗೆಯೊಳಗೆ ರೆಕ್ಕೆ ಕಳಚಿಕೊಂಡು ನೆಲಕ್ಕೆ ಬೀಳುತ್ತವೆ. ಬಾಗಲೂರು ಸೀಮೆಯವರು ಅವನ್ನು ಬಾಚಿ, ಬಾಣಲೆಯಲ್ಲಿ ಹುರಿದು, ಹುರಿಗಡಲೆ, ಉಪ್ಪು, ಖಾರ ಬೆರೆಸಿ ತಿನ್ನುತ್ತಾರೆ. ಬೇರೆ ವರ್ಷಗಳಲ್ಲಿ ಅದಕ್ಕಾಗಿ ಹೊಲದ ಬದು, ಕೆರೆಯ ಏರಿ ಎಂದು ಹುಡುಕಿಕೊಂಡು ಹೋಗಬೇಕಿತ್ತು. 1948ರಲ್ಲಿ ಅವು ಊರ ಬಾಗಿಲಿಗೇ ಬಂದವು.

ಮೊದಲು ಕಂಡವಳು ಪಕ್ಕದ ಮನೆಯ ಬೈರಮ್ಮ. ವಯಸ್ಸು ಅರವತ್ತು ದಾಟಿತ್ತು, ಬಾಯಿಗೆ ಮಾತ್ರ ಇನ್ನೂ ಇಪ್ಪತ್ತು.

"ಲಕ್ಷ್ಮೀ, ಏ ಲಕ್ಷ್ಮೀ! ಬಾರೆ ಈಚೆಗೆ. ನಿನ್ ಮನೆ ಫಸಲು ಬಿಟ್ಟೈತೆ!"

ಆದಿಲಕ್ಷ್ಮಮ್ಮ ಹೊರಗೆ ಬಂದು ನೋಡುವಷ್ಟರಲ್ಲಿ ಐದಾರು ಹೆಂಗಸರು ಮೊರ, ಕುಡಿಕೆ, ಹಳೆಯ ಸೀರೆಯ ತುಂಡು ಹಿಡಿದು ಸೇರಿದ್ದರು. ಜಗಲಿಯ ಬುಡದಲ್ಲಿ ಕಿರುಬೆರಳು ತೂರುವಷ್ಟು ಅಗಲದ ನಾಲ್ಕು ತೂತುಗಳು. ಒಂದೊಂದರಿಂದಲೂ ಹುಳಗಳು ನೂಕಾಡಿಕೊಂಡು ಹೊರಬೀಳುತ್ತಿದ್ದವು.

"ನಮ್ಮ ಮನೇಲಿ ನಲವತ್ತು ವರ್ಷದಿಂದ ಇವ್ನಿ," ಎಂದಳು ಬೈರಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. "ಒಂದ್ ಹಿಡಿ ಈಸಲು ಕೊಡ್ಲಿಲ್ಲ ಆ ಮನೆ. ಇವಳ ಬಂಡಿಮನೆ ನೋಡು, ಎರಡೇ ವರ್ಷಕ್ಕೆ ಕೊಳಗದಷ್ಟು ಕೊಡ್ತಾ ಐತೆ."

ಆದಿಲಕ್ಷ್ಮಮ್ಮನೂ ನಕ್ಕಳು. ತನ್ನ ಜಗಲಿಯ ಮೇಲೆ ಇಷ್ಟು ಜನ ಕೂತದ್ದು ಅವಳಿಗೆ ಹಿತವಾಗಿತ್ತು. ಆಗಲೇ ಮಾಲೂರಿನ ಬಸ್ಸು ಬಂದು ನಿಂತಿತು. ಅದರ ಡ್ರೈವರ್ ಮುತ್ತರಾಯಪ್ಪ, ಅವಳ ಗಂಡ, ಇಳಿದು ಬಂದ. ಹೆಂಗಸರ ನಡುವೆ ದಾರಿ ಮಾಡಿಕೊಂಡು ತೂತುಗಳ ಮುಂದೆ ಕುಕ್ಕರಗಾಲಲ್ಲಿ ಕೂತ. ಅವನೊಬ್ಬನಿಗೆ ನಗು ಬರಲಿಲ್ಲ.

"ಇವು ಎಲ್ಲಿಂದ ಬತ್ತಾವೆ ಅಂತ ನೋಡಿದ್ಯಾ?" ಎಂದ.

"ನೆಲದಿಂದ."

"ನೆಲದಿಂದ ಅಲ್ಲ. ಹಲಗೆ ಸಂದಿಯಿಂದ."

ಅವಳ ನಗು ನಿಂತಿತು.

ಆ ಮನೆಯ ಕಥೆ ಇಷ್ಟು. ಮುತ್ತರಾಯಪ್ಪ ಯುದ್ಧದ ವೇಳೆ ಪಟ್ಟಾಳದಲ್ಲಿ, ಅಂದರೆ ಸೈನ್ಯದಲ್ಲಿ, ಲಾರಿ ಓಡಿಸುತ್ತಿದ್ದವನು. 1946ರಲ್ಲಿ ಬಿಡುಗಡೆಯಾಗಿ ಬಂದಾಗ, ಬೆಂಗಳೂರಿನಲ್ಲಿ ಹರಾಜಿಗಿಟ್ಟ ಪಟ್ಟಾಳದ ಸಾಮಾನಿನಲ್ಲಿ ಒಂದು ಟ್ರೈಲರ್ ಕಂಡ. ಹದಿನಾಲ್ಕು ಅಡಿ ಉದ್ದ, ಏಳಡಿ ಅಗಲ, ಅಡಿಯಲ್ಲಿ ಕಬ್ಬಿಣದ ಚೌಕಟ್ಟು, ಮೇಲೆ ಮರದ ಗೋಡೆ, ಎರಡು ಗಾಜಿನ ಕಿಟಕಿ, ನಾಲ್ಕು ಚಕ್ರ. ಯಾರೋ ಮೇಜರು ಅದನ್ನು ಕಚೇರಿ ಮಾಡಿಕೊಂಡಿದ್ದನಂತೆ. ಮುತ್ತರಾಯಪ್ಪ ಅದನ್ನು ಕೊಂಡು, ಎರಡು ಜೊತೆ ಎತ್ತು ಕಟ್ಟಿ, ಎರಡು ದಿನ ಎಳೆಸಿ ತಂದ. ಅತ್ತಿಬೆಲೆಯಲ್ಲಿ ಜನ ನಾಟಕದ ಕಂಪನಿ ಬಂತೆಂದು ಹಿಂದೆಯೇ ಓಡಿಬಂದಿದ್ದರು.

ಅದುವರೆಗೆ ಗಂಡಹೆಂಡಿರು ಇದ್ದದ್ದು ಅವನ ಅಣ್ಣ ಅಂಜನಪ್ಪನ ಮನೆಯಲ್ಲಿ. ಒಂದು ಸೂರಿನ ಕೆಳಗೆ ಹನ್ನೊಂದು ಜನ. ಜಗಳವೇನೂ ಇರಲಿಲ್ಲ. ಆದರೆ ಆದಿಲಕ್ಷ್ಮಮ್ಮ ಆರು ವರ್ಷ ಮಲಗಿದ್ದು ಪಡಸಾಲೆಯಲ್ಲಿ, ರಾಗಿ ಮೂಟೆಗಳ ಹಿಂದೆ. ತಲೆ ಬಾಚಿಕೊಳ್ಳಬೇಕಾದರೂ ಯಾರಾದರೂ ಎದ್ದು ಹೋಗುವುದನ್ನು ಕಾಯಬೇಕಿತ್ತು. ಚಕ್ರದ ಮನೆಗೆ ಬಂದ ಮೊದಲ ದಿನ ಅವಳು ಬಾಗಿಲು ಹಾಕಿಕೊಂಡು, ಏನೂ ಮಾಡದೆ, ಸುಮ್ಮನೆ ಒಂದು ಗಳಿಗೆ ಕೂತಿದ್ದಳು.

ಊರು ಮಾತ್ರ ಒಪ್ಪಲಿಲ್ಲ. ಅಂಜನಪ್ಪನ ಹೆಂಡತಿ ವರಲಕ್ಷ್ಮಮ್ಮ ನೋಡಲು ಬಂದವಳು ಹೊರಗೇ ನಿಂತಳು. "ಕೂತ್ಕೊಳ್ಳಾಕೆ ಒಂದ್ ಜಗಲಿ ಇಲ್ಲ, ಅದೇನ್ ಮನೇನೆ? ಚಕ್ರ ಕಾಣ್ತಾವೆ. ನೆಂಟರು ಬಂದ್ರೆ ಎಲ್ಲಿಗೆ ಪ್ರಯಾಣ ಅಂತಾರೆ."

ಆ ಮಾತು ನಾಟಿತು. ಆದಿಲಕ್ಷ್ಮಮ್ಮ ಗಂಡನಿಗೆ ಹೇಳಿ ಚಕ್ರ ಮರೆಯಾಗುವಂತೆ ಸುತ್ತಲೂ ಹಲಗೆ ಹೊಡೆಸಿದಳು. ಪಟ್ಟಾಳದ ಸಾಮಾನು ಬಂದ ಪೆಟ್ಟಿಗೆಗಳ ಹಲಗೆ. ಮನೆಯ ಅಡಿಯಿಂದ ನೆಲದವರೆಗೆ, ಗಾಳಿಗೆ ಅಲುಗದಿರಲೆಂದು ಒಂದು ಗೇಣು ನೆಲದೊಳಕ್ಕೂ. ಆಮೇಲೆ ಅವಳೇ ಬುಟ್ಟಿಬುಟ್ಟಿ ಮಣ್ಣು ಹೊತ್ತು, ಹಲಗೆಗೆ ಒತ್ತಿ, ಮೂರು ಕಡೆ ಮೊಳ ಅಗಲದ ಜಗಲಿ ಕಟ್ಟಿದಳು. ಪ್ರತಿ ಶುಕ್ರವಾರ ಸೆಗಣಿ ಸಾರಿಸಿ, ಅಂಚಿಗೆ ಕೆಮ್ಮಣ್ಣಿನ ಪಟ್ಟೆ ಎಳೆದಳು. ಮೂರನೆಯ ವಾರ ವರಲಕ್ಷ್ಮಮ್ಮ ಬಂದು, ಏನೂ ಅನ್ನದೆ ಅದರ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಳು. ಅವತ್ತಿನಿಂದ ಅದು ಮನೆಯಾಯಿತು.

ಶುಕ್ರವಾರ ಬೆಳಿಗ್ಗೆ, ಬಸ್ಸಿಗೆ ಹೋಗುವ ಮುಂಚೆ, ಮುತ್ತರಾಯಪ್ಪ ತಿರುಪುಳಿ ತಂದು ಹಲಗೆಗೆ ಚುಚ್ಚಿದ. ತಿರುಪುಳಿ ಹಿಡಿಯವರೆಗೂ ಒಳಗೆ ಹೋಯಿತು. ಹೊರಗಡೆ ಹಸಿರು ಬಣ್ಣ ಹಾಗೆಯೇ ಇತ್ತು. ಒಳಗೆ ಮರವಿರಲಿಲ್ಲ, ಮಣ್ಣಿತ್ತು.

"ಇದೆಲ್ಲ ಹೋಯ್ತು," ಎಂದ. "ಹೋಗ್ಲಿ, ಪೆಟ್ಟಿಗೆ ಮರ. ಮೇಲೆ ತೊಲೆಗೇನಾದ್ರೂ ಹತ್ತಿದ್ರೆ ಕಷ್ಟ. ಏಳು ತೊಲೆ ಅವೆ ಅಡೀಗೆ. ಅವು ಹೋದ್ರೆ ನೆಲಾನೇ ಕೂತ್ಕೊಂಡ್ಬುಡ್ತದೆ."

"ಹೊಸಾದು ಹಾಕಿದ್ರೆ?"

"ಅಂಥ ಮರ ಈಗ ಎಲ್ಲಿ ತರ್ಲಿ?" ಅವನು ತಿರುಪುಳಿ ಒರೆಸಿಕೊಂಡ. "ಭಾನುವಾರ ಬಸ್ಸಿಲ್ಲ. ಅಡೀಗ್ ನುಗ್ಗಿ ನೋಡ್ತೀನಿ. ತೊಲೆ ಹೋಗಿದ್ರೆ ಕಬ್ಬಿಣ ಮಾರ್ಬುಟ್ಟು ಅಣ್ಣನ ಮನೆಗೆ ಹೋಗಾನ."

ಮಾತನ್ನು ಬಿರುಸಾಗಿ ಆಡಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿ, ಬಸ್ಸು ಏರಿ ಹೋದ. ಆದಿಲಕ್ಷ್ಮಮ್ಮನಿಗೆ ಕಣ್ಣ ಮುಂದೆ ಬಂದದ್ದು ರಾಗಿ ಮೂಟೆಗಳ ಹಿಂದಿನ ಆ ಎರಡು ಮೊಳ ಜಾಗ.

ಆ ದಿನವೆಲ್ಲ ಜಗಲಿಯ ಮೇಲೆ ಬುದ್ಧಿವಾದ ನಡೆಯಿತು. ಬೈರಮ್ಮ ಹೊಂಗೆ ಎಣ್ಣೆ ಹೊಯ್ಯಿ ಎಂದಳು. ಸೀಮೆಎಣ್ಣೆ ಒಳ್ಳೆಯದು ಎಂದರು ಇನ್ನೊಬ್ಬರು. ರೇಷನ್ ಅಳತೆಯಲ್ಲಿ ಸಿಗುವ ಸೀಮೆಎಣ್ಣೆಯನ್ನು ಗೆದ್ದಲಿಗೆ ಕುಡಿಸಿದರೆ ದೀಪಕ್ಕೇನು ಎಂದು ಅವರೇ ಸುಮ್ಮನಾದರು. ಅಂಜನಪ್ಪ ಹೊಲದಿಂದ ಬರುತ್ತ ನಿಂತು, ಹಲಗೆಯೊಂದನ್ನು ಕಾಲಲ್ಲಿ ಒದ್ದು, ಅದು ಹಪ್ಪಳದ ಹಾಗೆ ಮುರಿದದ್ದು ನೋಡಿ, "ಪಟ್ಟಾಳದ ಮರ ಅಂದ್ರೆ ಗೆದ್ದಲಿಗೆ ಬೆಲ್ಲ ಕಣಮ್ಮ. ನಾನು ಆವತ್ತೇ ಅವ್ನಿಗೆ ಹೇಳ್ದೆ," ಎಂದ. ಅವನು ಆವತ್ತು ಏನೂ ಹೇಳಿರಲಿಲ್ಲ.

ವರಲಕ್ಷ್ಮಮ್ಮನ ಚಿಂತೆ ಬೇರೆ. "ಅಡೀಲಿ ಹುತ್ತ ಐತೆ. ಹುತ್ತ ಅಂದ್ಮೇಲೆ ನಾಗಪ್ಪನ ಜಾಗ. ಹಾರೆ ಗೀರೆ ಹಾಕ್ಬುಟ್ಟೀರ, ನಿಮ್ಮಪ್ಪನಾಣೆ. ಹಾಲು ಹುಯ್ದು, ಕೈಮುಗಿದು, ನಮ್ಮನೇಗ್ ಬಂದ್ಬುಡಿ. ಜಾಗ ಏನು, ಮಾಡ್ಕೊಂಡ್ರಾಯ್ತು."

ಅವಳು ಪ್ರೀತಿಯಿಂದಲೇ ಹೇಳಿದ್ದು. ಆದಿಲಕ್ಷ್ಮಮ್ಮ ಎಂದಿನಂತೆ ಶುಕ್ರವಾರದ ಸೆಗಣಿ ಕಲಸಿ, ತೂತುಗಳನ್ನೂ ಮುಚ್ಚಿ, ಜಗಲಿಯನ್ನು ಇನ್ನಷ್ಟು ಗಟ್ಟಿಯಾಗಿ ಸಾರಿಸಿದಳು.

ಶನಿವಾರ ಬೆಳಿಗ್ಗೆ ಹಸುವಿಗೆ ಹುಲ್ಲು ತರಲು ಭಾವನ ಹಿತ್ತಿಲಿಗೆ ಹೋದಳು. ರಾಗಿಹುಲ್ಲಿನ ಬಣವೆ ಅರ್ಧ ಮುಗಿದಿತ್ತು. ಊರಲ್ಲಿ ಎಲ್ಲರ ಬಣವೆಯಂತೆ ಅದೂ ನೆಲದ ಮೇಲಿರಲಿಲ್ಲ. ಮೊಳಕಾಲೆತ್ತರದ ಕಲ್ಲುಗಳ ಮೇಲೆ ಚಪ್ಪಡಿ, ಅದರ ಮೇಲೆ ಹುಲ್ಲು. ಅಡಿಯಲ್ಲಿ ನಾಯಿಯೊಂದು ಕಾಲು ಚಾಚಿ ಮಲಗಿತ್ತು. ಅವಳು ಒಂದು ಹೊರೆ ಎಳೆದಳು. ತಳದ ಹುಲ್ಲು, ನಾಲ್ಕು ತಿಂಗಳಾದರೂ, ಗರಿಗರಿಯಾಗಿತ್ತು.

ಇನ್ನೊಂದು ಮಗ್ಗುಲಲ್ಲಿ ಎಳೆದಾಗ ಕೈಗೆ ಹುಲ್ಲಿನ ಜೊತೆ ಮಣ್ಣು ಬಂತು. ಅಲ್ಲಿ ಯಾರೋ ಒಂದು ಮುರಿದ ನೊಗವನ್ನು ಬಣವೆಗೆ ಒರಗಿಸಿದ್ದರು. ಅದರ ಒಂದು ತುದಿ ನೆಲದಲ್ಲಿ, ಇನ್ನೊಂದು ತುದಿ ಹುಲ್ಲಿನಲ್ಲಿ. ನೊಗದುದ್ದಕ್ಕೂ ಬೆರಳಗಲದ ಮಣ್ಣಿನ ಹೊದಿಕೆ. ಅವಳು ಅದನ್ನು ಉಗುರಿನಿಂದ ಕೆರೆದಳು. ಒಳಗೆ ಬಿಳಿಯ ಹುಳಗಳು ಸಾಲಾಗಿ, ಮೇಲಕ್ಕೆ ಹೋಗುವವು ಒಂದು ಕಡೆ, ಕೆಳಕ್ಕೆ ಬರುವವು ಇನ್ನೊಂದು ಕಡೆ.

ಹಿಂದಿನಿಂದ ಅಂಜನಪ್ಪನ ಗಂಟಲು ಕೇಳಿತು. "ಯಾವನ್ಲಾ ಅದು ಬಣವೆಗೆ ನೊಗ ಒರಗಿಸ್ದೋನು? ಬುದ್ಧಿ ಬ್ಯಾಡ್ವಾ? ನೆಲಕ್ಕೂ ಹುಲ್ಲಿಗೂ ಏಣಿ ಹಾಕಿ ಕೊಟ್ಟವ್ನೆ ನನ್ ಮಗ!"

ಅವನು ಬೈಯುತ್ತ ನೊಗ ಕಿತ್ತು ಎಸೆದ. ಆದಿಲಕ್ಷ್ಮಮ್ಮ ಹುಲ್ಲಿನ ಹೊರೆ ಹಿಡಿದು ಅಲ್ಲೇ ನಿಂತಿದ್ದಳು. ಅವಳಿಗೆ ಎಲ್ಲವೂ ಕಂಡುಹೋಗಿತ್ತು. ಹುಲ್ಲನ್ನು ಕಲ್ಲಿನ ಮೇಲೆ ಇಡಬೇಕೆಂಬುದು ಊರಲ್ಲಿ ಎಳೆಮಕ್ಕಳಿಗೂ ಗೊತ್ತು. ಮನೆಯೂ ಕಬ್ಬಿಣದ ಮೇಲೆ, ನೆಲ ಬಿಟ್ಟು, ಬಣವೆಯಂತೆಯೇ ನಿಂತಿತ್ತು. ಅದನ್ನು ನೆಲಕ್ಕೆ ತಾಗಿಸಿದವಳು ತಾನು. ಮಣ್ಣು ಹೊತ್ತವಳು ತಾನು, ವಾರವಾರ ನೀರು, ಸೆಗಣಿ ಹಾಕಿ ಅದನ್ನು ತೇವವಾಗಿಟ್ಟವಳೂ ತಾನೇ. ನಿನ್ನೆ ತೂತುಗಳನ್ನು ಮುಚ್ಚಿ ಬಿಸಿಲು ಗಾಳಿ ತಾಗದಂತೆ ಕಾಪಾಡಿದ್ದೂ ಆಯಿತು.

ಮನೆಗೆ ಬಂದು ಹಸುವಿಗೆ ಹುಲ್ಲು ಹಾಕಿ, ಹಾರೆ ತೆಗೆದುಕೊಂಡಳು.

ಮೊದಲ ಏಟಿಗೇ ಬೈರಮ್ಮ ಓಡಿಬಂದಳು. "ಅಯ್ಯಯ್ಯೋ, ಏನೆ ಇದು? ಶನಿವಾರ! ಶನಿವಾರ ಯಾರಾನಾ ಜಗಲಿ ಕೆಡವ್ತಾರೇನೆ?"

"ಭಾನುವಾರಕ್ಕೆ ಇದು ಇರಬಾರ್ದು ಬೈರಕ್ಕ."

"ನಾವೆಲ್ಲಿ ಕೂತ್ಕೊಳ್ಳಾನೆ?"

"ಇವತ್ತು ನಿಂತ್ಕೊ."

ಬೈರಮ್ಮ ಕೆನ್ನೆಗೆ ಕೈ ಹಚ್ಚಿ ನಿಂತೇ ನೋಡಿದಳು. ಇನ್ನೂ ಮೂವರು ಬಂದರು. ಜಗಲಿಯ ಮೇಲ್ಪದರ ಎರಡು ವರ್ಷದ ಸಾರಣೆಗೆ ಕಲ್ಲಾಗಿತ್ತು. ಅದರ ಕೆಳಗಿನದು ಜೇನುಹುಟ್ಟಿನ ಹಾಗೆ ಪೊಳ್ಳು. ಹಿಂದಿನ ಹಲಗೆಗಳೂ ಮಣ್ಣಿನ ಜೊತೆಗೇ ಉದುರಿ ಬಂದವು. ಹಾರೆ ಬಿದ್ದಲ್ಲೆಲ್ಲ ಬಿಳಿ ಹುಳ ಉಕ್ಕಿದವು. ಬೈರಮ್ಮನ ಕೋಳಿಗಳು ಶನಿವಾರ ಭಾನುವಾರ ನೋಡದೆ ಮೇಲೆರಗಿದವು. ಕೆಮ್ಮಣ್ಣಿನ ಪಟ್ಟೆ ಇದ್ದ ಅಂಚು ಕೊನೆಗೆ ಉಳಿಯಿತು. ಅಲ್ಲಿ ಆದಿಲಕ್ಷ್ಮಮ್ಮ ಸ್ವಲ್ಪ ತಡೆದಳು. ಆಮೇಲೆ ಅದಕ್ಕೂ ಹಾರೆ ಹಾಕಿದಳು.

ಸಂಜೆ ಬಸ್ಸಿಳಿದ ಮುತ್ತರಾಯಪ್ಪನಿಗೆ ಎರಡು ವರ್ಷದ ಮೇಲೆ ತನ್ನ ಮನೆಯ ಚಕ್ರಗಳು ಕಂಡವು. ಹೆಂಡತಿ ಮೈಯೆಲ್ಲ ಮಣ್ಣು ಮಾಡಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು.

"ನಾನೇ ಮಾಡಿದ್ದು," ಎಂದಳು, ಅವನು ಕೇಳುವ ಮುಂಚೆ. "ಹುತ್ತದ ತಪ್ಪಲ್ಲ, ಪಟ್ಟಾಳದ ಮರದ ತಪ್ಪೂ ಅಲ್ಲ. ಜಗಲಿ ಕಟ್ಟಿ ನಾನೇ ದಾರಿ ಮಾಡಿಕೊಟ್ಟೆ. ಬಣವೆ ನೋಡಿದ್ಮೇಲೆ ತಿಳೀತು." ನೊಗದ ವಿಷಯ ಹೇಳಿದಳು.

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಲಗೆನ ಗೇಣುದ್ದ ನೆಲಕ್ಕೆ ಹೂತೋನು ಯಾರು?"

"ನೀನು."

"ಪಟ್ಟಾಳದಲ್ಲಿ ನಾಲ್ಕು ವರ್ಷ ಇದ್ದೆ. ಟ್ರೈಲರ್ ಅಡೀಗ್ ಕಡ್ಡೀನೂ ಇಡ್ಬ್ಯಾಡಿ ಅಂತ ದಿನಾ ಬೈಸ್ಕೊಂಡಿದ್ದೆ. ಬೈಗುಳ ಇಂಗ್ಲಿಷಿನಲ್ಲಿತ್ತು, ಅದ್ಕೇ ಮನಸ್ಸಿಗೆ ಹತ್ತಲಿಲ್ಲ." ಅವನು ಅವಳ ಪಕ್ಕ ಕೂತ. "ಬಿಸಿನೀರು ಕಾಯಿಸ್ಕೊ. ನಾಳೆ ನೋಡಾನ."

ಭಾನುವಾರ ಬೆಳಿಗ್ಗೆ ಅಣ್ಣ ಅತ್ತಿಗೆ ಇಬ್ಬರೂ ಬಂದರು. ಮುತ್ತರಾಯಪ್ಪ ಸ್ಪ್ಯಾನರ್ ಹಿಡಿದು ಮನೆಯ ಅಡಿಗೆ ನುಗ್ಗಿ ಅಂಗಾತ ಮಲಗಿದ. ಆದಿಲಕ್ಷ್ಮಮ್ಮ ಹೊರಗೆ ಕೂತು ಬಗ್ಗಿ ನೋಡುತ್ತಿದ್ದಳು. ಗಟ್ಟಿ ಮರಕ್ಕೆ ಬಡಿದರೆ ಸದ್ದು ಗಂಟೆಯಂತೆ ಬರುತ್ತದೆ. ತಿಂದ ಮರ ಬೊದ್ದೆನ್ನುತ್ತದೆ.

ಬಾಗಿಲ ಬದಿಯ ಮೊದಲ ತೊಲೆ ಬೊದ್ದೆಂದಿತು.

 ವರಲಕ್ಷ್ಮಮ್ಮ ಓರಗಿತ್ತಿಯ ಭುಜದ ಮೇಲೆ ಕೈ ಇಟ್ಟಳು.

ಎರಡನೆಯದು ಟಣ್ಣೆಂದಿತು. ಮೂರನೆಯದೂ ಹಾಗೆಯೇ. ಅವನು ತೆವಳಿಕೊಂಡು ಹಿಂದಕ್ಕೆ ಹೋದ. ನಾಲ್ಕು. ಐದು. ಆರನೆಯದಕ್ಕೆ ಎರಡು ಸಲ ಬಡಿದ. ಟಣ್. ಏಳನೆಯದು ಎಲ್ಲಕ್ಕಿಂತ ಗಟ್ಟಿ.

"ಆರು ತೇಗ," ಅಡಿಯಿಂದ ದನಿ ಬಂತು. "ಅವುಗಳ ತಂಟೆಗೇ ಹೋಗಿಲ್ಲ. ಬಾಗಿಲದು ಮಾವು. ಅದು ನಾನು ಹೋದ ವರ್ಷ ಬದಲಾಯಿಸಿದ್ದು."

"ಒಂದ್ ಹೋದ್ರೆ ಮನೆ ಬಿದ್ದೋಯ್ತದೇನ್ಲಾ?" ಎಂದು ಅಂಜನಪ್ಪ ಬಗ್ಗಿ ಕೇಳಿದ.

"ಬೀಳಲ್ಲ ಅಣ್ಣ. ಕಬ್ಬಿಣ ಹೊತ್ಕೊಂಡೈತೆ. ಅದ್ರ ಜಾಗಕ್ಕೆ ಒಂದ್ ಕಲ್ಲುಕಂಬದ ತುಂಡಾದ್ರೂ ಆದೀತು."

ಆದಿಲಕ್ಷ್ಮಮ್ಮ ಕಣ್ಣೊರೆಸಿಕೊಂಡಳು. ಮಣ್ಣು ಬಿತ್ತು ಎಂದಳು.

ಆದರೆ ಹುತ್ತ ಅಲ್ಲೇ ಇತ್ತು. ಈಸಲು ಬಿಡುವಷ್ಟು ಬಲಿತ ಹುತ್ತ ಎರಡು ವರ್ಷದ್ದಲ್ಲ, ಅವರು ಬರುವ ಮುಂಚಿನದು. ಅಗೆದರೆ ವರಲಕ್ಷ್ಮಮ್ಮ ಬಿಡುವುದಿಲ್ಲ. ಅಗೆಯದಿದ್ದರೆ ಗೆದ್ದಲು ಬಿಡುವುದಿಲ್ಲ. ಮುತ್ತರಾಯಪ್ಪ ಇದನ್ನೇ ಯೋಚಿಸುತ್ತ ಬೀಡಿ ಹಚ್ಚಿದ.

"ಹುತ್ತ ಯಾಕ್ ಏಳ್ಬೇಕು?" ಎಂದಳು ಆದಿಲಕ್ಷ್ಮಮ್ಮ. "ನಾವೇ ಎದ್ದೋಗಾನ. ಚಕ್ರ ಅವಲ್ಲ."

"ಎಲ್ಲಿಗೆ?"

ಅವಳು ಕೈ ತೋರಿಸಿದಳು. ಇಪ್ಪತ್ತು ಮಾರು ಆಚೆ, ಅವರದೇ ಹೊಲದ ಮೂಲೆಯಲ್ಲಿ ಒಂದು ಹಾಸುಬಂಡೆ. ಮೂವತ್ತಡಿ ಉದ್ದ, ಆನೆಯ ಬೆನ್ನಿನಂತೆ ನೆಲದಿಂದ ತುಸುವೇ ಎದ್ದದ್ದು. ಊರವರು ಅಲ್ಲಿ ಹುರುಳಿ, ಮೆಣಸಿನಕಾಯಿ ಒಣಗಿಸುತ್ತಿದ್ದರು. ಮನೆ ಕಟ್ಟಲು ಯಾರೂ ಅದನ್ನು ಕಣ್ಣೆತ್ತಿಯೂ ನೋಡಿರಲಿಲ್ಲ, ಯಾಕೆಂದರೆ ಪಾಯ ತೋಡಲಾಗದು.

ಅಂಜನಪ್ಪ ಬಾಯಿ ತೆರೆದ. "ಬಂಡೆ ಮ್ಯಾಲೆ ಪಾಯ ಹೆಂಗಮ್ಮ…" ಎಂದವನು ಚಕ್ರಗಳನ್ನು ನೋಡಿ ತಾನೇ ನಿಲ್ಲಿಸಿದ. ಆಮೇಲೆ ಜೋರಾಗಿ ನಗತೊಡಗಿದ. "ಲೇ ಮುತ್ತ! ಎತ್ತು ತತ್ತೀನಿ ತಾಳ್ಲಾ!"

ಅವನದೊಂದು ಜೊತೆ, ಕೆಳಗಿನ ಬೀದಿಯ ಪಾಪಯ್ಯನದೊಂದು ಜೊತೆ. ಮುತ್ತರಾಯಪ್ಪ ಬಸ್ಸಿನ ಜಾಕಿ ಕೊಟ್ಟು ಮನೆಯನ್ನು ಎತ್ತಿ, ಕೂತುಹೋದ ಟೈರುಗಳಿಗೆ ಗಾಳಿ ಹೊಡೆದ. ಎರಡು ಟೈರು ಗಾಳಿ ಹಿಡಿದವು, ಎರಡು ಹಿಡಿಯಲಿಲ್ಲ. ಹಿಡಿಯದವುಗಳ ಮುಂದೆ ಹಲಗೆ ಹಾಸಿದರು. ಎತ್ತುಗಳು ಮೊದಲ ಎಳೆತಕ್ಕೆ ಹಿಂದೆ ಸರಿದವು; ಎರಡನೆಯ ಎಳೆತಕ್ಕೆ ಮನೆ ಕೀರಲಿಟ್ಟು ಅಲುಗಿತು. ಒಳಗೆ ಪಾತ್ರೆಗಳು ಉರುಳಿದ ಸದ್ದು.

"ಅಮ್ಮಯ್ಯಾ, ಒಲೆ ಆರಿಸಿದ್ಯೇನೆ?" ಎಂದು ಬೈರಮ್ಮ ಕೂಗಿದಳು. "ಮುದ್ದೆ ಕೂಡಿಸ್ಕೊಂಡೇ ಮಾಲೂರಿಗೆ ಹೋಗ್ಬುಟ್ಟೀಯ!"

ಮಧ್ಯಾಹ್ನ ಊಟದ ಹೊತ್ತಿಗೆ ಮನೆ ಬಂಡೆಯ ಮೇಲೆ ನಿಂತಿತ್ತು. ವರಲಕ್ಷ್ಮಮ್ಮ ಖಾಲಿಯಾದ ಜಾಗಕ್ಕೆ ಹೋಗಿ, ಹುತ್ತದ ಬಾಯಿಗೆ ಒಂದು ಲೋಟ ಹಾಲು ಹೊಯ್ದು, ಅರಿಸಿನ ಕುಂಕುಮ ಹಾಕಿ ಬಂದಳು. ಅವಳಿಗೂ ನೆಮ್ಮದಿಯಾಯಿತು.

ಮರುವಾರ ಚಕ್ರಗಳನ್ನು ಮತ್ತೆ ಮರೆಮಾಡಿದರು. ಈ ಸಲ ಹಲಗೆಯಿಲ್ಲ. ಬೇಲಿಗೆ ನೆಡುವಂಥ ಕಲ್ಲು ಚಪ್ಪಡಿಗಳನ್ನು ತಂದು ಸುತ್ತ ನಿಲ್ಲಿಸಿದರು. ಮನೆಗೂ ಚಪ್ಪಡಿಗೂ ನಡುವೆ ಒಂದು ಗೇಣು ಬಿಡಬೇಕೆಂದು ಆದಿಲಕ್ಷ್ಮಮ್ಮ ಪಟ್ಟು ಹಿಡಿದಳು. ಒಂದೊಂದು ಕಲ್ಲಿಗೂ ತಾನೇ ಕೈ ತೂರಿಸಿ ಅಳೆದಳು. ಮುಂದುಗಡೆ, ಯಾವುದಕ್ಕೂ ತಾಗದಂತೆ, ಎರಡು ಗುಂಡುಕಲ್ಲಿನ ಮೇಲೆ ಒಂದು ಉದ್ದ ಚಪ್ಪಡಿ ಹಾಕಿಸಿದಳು. ನಾಲ್ಕು ಜನ ಕೂರಬಹುದು, ಒತ್ತಿದರೆ ಐದು.

ಬೈರಮ್ಮ ಕೂತು ನೋಡಿ, "ತಣ್ಣಗೈತೆ ಕಣೆ, ಚಳಿಗಾಲಕ್ಕೆ ಕುಂಡಿ ಹಿಡ್ಕೊಂಬುಡ್ತದೆ," ಎಂದಳು. ಎದ್ದು ಮಾತ್ರ ಹೋಗಲಿಲ್ಲ.

ಶುಕ್ರವಾರ ಆದಿಲಕ್ಷ್ಮಮ್ಮ ಸೆಗಣಿ ಕಲಸಲಿಲ್ಲ. ಒಣ ಪೊರಕೆ ಹಿಡಿದು ಮನೆಗೆ ಒಂದು ಸುತ್ತು ಬಂದಳು. ಬಂಡೆಯ ಅಂಚಿಗಿದ್ದ ಚಪ್ಪಡಿಯೊಂದರ ಮೇಲೆ, ನೆಲದಿಂದ ಎರಡು ಬೆರಳು ಎತ್ತರಕ್ಕೆ, ತೆಳ್ಳಗೆ ಮಣ್ಣಿನ ಗೆರೆ ಎದ್ದಿತ್ತು.

ಎಲೆ ಅಡಿಕೆ ಅಗಿಯುತ್ತ ಕೂತಿದ್ದ ವರಲಕ್ಷ್ಮಮ್ಮ ಕತ್ತು ಚಾಚಿದಳು. "ಮತ್ತೆ ಬಂತೇನೆ?"

"ಬಂತಕ್ಕ. ಬರ್ಲಿ. ಈಗ ಬಂದಿದ್ದು ಕಾಣ್ತದೆ."

ಪೊರಕೆಯ ಹಿಡಿಯಿಂದ ಗೆರೆಯನ್ನು ಕೆರೆದು, ಕಲ್ಲು ಗುಡಿಸಿ, ಮುಂದಿನ ಚಪ್ಪಡಿಗೆ ಹೋದಳು.